ನೆಲ ನಾವೇ ತರುತ್ತೇವೆ

ಇನ್ನೂರ ಹದಿನಾಲ್ಕು ಪುಟ.
ವರ್ನಾ ಸ್ಟುಕೆಲ್ ಇಡೀ ಒಂದು ಚಳಿಗಾಲ ಕೂತು ಬರೆದದ್ದು.
ವೆಲ್ಡನ್ ಫೋರ್ಕ್ ಊರಿನ ಹೋಟೆಲು ಕೋಣೆ ಸಾವಿರದ ಆರುನೂರು,
ನದಿಯಾಚೆಯ ಮೋಟೆಲುಗಳನ್ನೂ ಎಳೆದು ತಂದರೆ ಎರಡು ಸಾವಿರ.
ಎಳೆದು ತಂದಿದ್ದಾಳೆ.
ವಿಮಾನ ಇಳಿದಲ್ಲಿಂದ ಆಟದಂಗಳಕ್ಕೆ ಹನ್ನೊಂದೇ ನಿಮಿಷ.
ಜೋಳ ಹೊತ್ತ ಗೂಡ್ಸ್ ರೈಲು ಅಡ್ಡ ಬಂದರೆ ಎಷ್ಟು
ಎಂಬುದಕ್ಕೆ ಪುಟವಿಲ್ಲ.

ಬೇಡುತ್ತಿರುವುದು ಇಷ್ಟೇ:
ಆರು ವರ್ಷದಾಚೆಯ ಒಂದು ಮಾರ್ಚಿನ ನಾಲ್ಕು ದಿನ,
ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್,
ಎಂಟು ತಂಡ, ಆರು ಆಟ.
ವಿಶ್ವವಿದ್ಯಾಲಯದ್ದು ಹೆಸರು, ಊರಿನದು ದುಡ್ಡು.
ಇಬ್ಬರ ಸಹಿಯೂ ಒಂದೇ ಹಾಳೆಯಲ್ಲಿ,
ನಡುವೆ ಮೂರು ಬೆರಳು ಜಾಗ ಬಿಟ್ಟು.

ನೋಡಲು ನಾಲ್ವರು ಬಂದರು.
ಹೆಣ್ಣು ನೋಡಲು ಬಂದವರ ಹಾಗೆಯೇ
ಕೊಟ್ಟ ತಿಂಡಿ ಮುರಿದು ಬಾಯಿಗಿಟ್ಟು ಚೆನ್ನಾಗಿದೆ ಎಂದರು,
ಗೋಡೆ ನೋಡಿದರು, ಸೂರು ನೋಡಿದರು,
ಬಚ್ಚಲ ನಲ್ಲಿ ತಿರುಗಿಸಿ ಬಿಸಿನೀರು ಬರಲೆಂದು ಕಾದರು.
ಬಂತು. ವರ್ನಾ ಉಸಿರು ಬಿಟ್ಟಳು.
ಕಾಲೇಜಿನಲ್ಲಿ ತಾನೂ ಆಡಿದ್ದೆ ಎಂದ ಮೇಯರು,
ಯಾವ ವರ್ಷ ಎಂದು ಯಾರೂ ಕೇಳಲಿಲ್ಲ.
ಅಂಗಳ ಕಟ್ಟಿಸಿಕೊಟ್ಟ ಟ್ರ್ಯಾಕ್ಟರ್ ಕಂಪನಿಯ ಹೆಸರು
ಗೋಡೆಯ ಮೇಲೆ ಆನೆಗಾತ್ರ.
ಆ ನಾಲ್ಕು ದಿನ ಅದಕ್ಕೆ ಕಪ್ಪು ಬಟ್ಟೆ ಹೊದಿಸಬೇಕಲ್ಲ, ಎಂದರೊಬ್ಬರು ಮೆಲ್ಲಗೆ.
ಹೊದಿಸೋಣ, ಎಂದಳು. ಎಷ್ಟು ಮೊಳ ಎಂಬುದೂ
ನೂರಾ ಎಂಬತ್ತನೆಯ ಪುಟದಲ್ಲಿತ್ತು.

ಹಿಂದೆ ಹಿಂದೆ ಬರುತ್ತಿದ್ದವನು ಆರ್ವಲ್ ಡೀಗನ್.
ಇಪ್ಪತ್ತಾರು ವರ್ಷದಿಂದ ಈ ಮರದ ನೆಲ ಒರೆಸಿದವನು.
ಅವನಿಗೊಂದು ಗುಟ್ಟು ಗೊತ್ತು:
ಮೂಡಲ ಬುಟ್ಟಿಯ ಎಡಕ್ಕೆ, ಗೆರೆಯಿಂದ ಎರಡು ಹೆಜ್ಜೆ ಒಳಗೆ
ಒಂದು ಸತ್ತ ಹಲಗೆ.
ಅಲ್ಲಿ ಬಿದ್ದ ಚೆಂಡು ಏಳುವುದಿಲ್ಲ, ಏಳಬೇಕಾದಷ್ಟು.
ಕಿತ್ತು ನೋಡಿದ್ದಾನೆ, ಆಪು ಕೊಟ್ಟಿದ್ದಾನೆ,
ಒಂದು ಬೇಸಿಗೆ ಮಂಡಿಯೂರಿ ಕಿವಿಯಿಟ್ಟು
ತಟ್ಟಿ ತಟ್ಟಿ ಕೇಳಿದ್ದಾನೆ, ಕಲ್ಲಂಗಡಿ ಕೊಳ್ಳುವವರ ಹಾಗೆ.
ಇವತ್ತು ನಾಲ್ವರ ಬೂಟು ಅತ್ತ ತಿರುಗಿದಾಗ
ಒರೆಸುಕೋಲು ಹಿಡಿದು ತಾನೇ ಅದರ ಮೇಲೆ ನಿಂತುಬಿಟ್ಟ.

ಅವರಲ್ಲಿ ಕಿರಿಯಳು, ಡೆಲ್ಫೀನ್ ಅಕಿನ್ಸ್,
ನೆಟ್ಟಗೆ ಅಲ್ಲಿಗೇ ಬಂದಳು.
ಸ್ವಲ್ಪ ಸರಿಯುತ್ತೀರಾ?
ಕೈಯ ಚೆಂಡು ಒಮ್ಮೆ ಬಡಿದಳು. ದಪ್.
ಇನ್ನೂ ಇದೆ, ಎಂದಳು, ಹಳೆಯ ಗೆಳತಿಯನ್ನು ಕಂಡವಳಂತೆ.
ಹತ್ತೊಂಬತ್ತರ ಪ್ರಾಯದಲ್ಲಿ ಎದುರು ತಂಡದವಳಾಗಿ ಬಂದು
ಕೊನೆಯ ಒಂಬತ್ತು ಸೆಕೆಂಡಿನ ಚೆಂಡನ್ನು ಇಲ್ಲೇ ಕಳಕೊಂಡಿದ್ದಳಂತೆ.
ಆರ್ವಲ್‌ನ ಕಿವಿ ಕೆಂಪಾಯಿತು.
ಬದಲಿಸುತ್ತೇವೆ ಮೇಡಂ, ಈ ಬೇಸಿಗೆಯಲ್ಲೇ, ನಾನೇ...
ಅವಳು ನಕ್ಕಳು, ಕೆಟ್ಟ ನಗುವಲ್ಲ.
ಬೇಡ. ನೆಲ ನಾವೇ ತರುತ್ತೇವೆ.
ಟ್ರಕ್ಕಿನಲ್ಲಿ ಬರುತ್ತದೆ, ಹೊಸದು, ಇದರ ಮೇಲೇ ಹಾಸುತ್ತಾರೆ,
ಆಟ ಮುಗಿದರೆ ಬಿಚ್ಚಿ ಒಯ್ಯುತ್ತಾರೆ.

ಇಪ್ಪತ್ತಾರು ವರ್ಷ.
ಕೋಲಿನ ತುದಿಯಿಂದ ಆ ಹಲಗೆಯನ್ನೊಮ್ಮೆ ಸವರಿದ, ಸುಮ್ಮನೆ.

ಊರಿಗೆ ಹೋಗಿ ತಿಳಿಸುತ್ತೇವೆ, ಎಂದರು ನಾಲ್ವರೂ ಕೈಕುಲುಕಿ.
ಈ ಮಾತು ವರ್ನಾಳಿಗೆ ಮೂರು ಸಲದ ಪರಿಚಯ.
ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿದಳು,
ಉಳಿದ ಕೇಕನ್ನು ಆರ್ವಲ್‌ಗೆ ಕಟ್ಟಿಕೊಟ್ಟಳು.
ಮನೆಯ ದಾರಿಯಲ್ಲಿ ಅದೇ ಗೂಡ್ಸ್ ರೈಲು.
ಎಣಿಸತೊಡಗಿದಳು. ನೂರಾ ಎಂಟು ಡಬ್ಬಿ.

ಡಬ್ಬಿ ಡಬ್ಬಿಗಳ ಸಂದಿಯಲ್ಲಿ ಕಾಣಿಸಿ ಮರೆಯಾಗುತ್ತಾ
ಹಳಿಯಾಚೆ ಒಂದು ಗ್ಯಾರೇಜಿನ ಮುಂದೆ,
ಹಿಮ ಅರ್ಧ ಮಾತ್ರ ತೆಗೆದ ಸಿಮೆಂಟಿನ ಮೇಲೆ,
ಹದಿಮೂರರ ಒಬ್ಬಳು, ಉಲ್ಲನ್ ಟೊಪ್ಪಿ, ಒಂದೇ ಕೈಗವಸು,
ಚೆಂಡು ಬಡಿಯುತ್ತಿದ್ದಾಳೆ.
ಅವಳಂಥವರಿಗೆಂದು ಎರಡು ಸಾವಿರ ಕೋಣೆ,
ಒಗೆದ ಟವೆಲು, ಬಿಸಿನೀರು
ಲೆಕ್ಕ ಹಾಕಿ ಬರೆದಿಟ್ಟವಳು
ರೈಲಿನ ಈಚೆ ಕಾರಿನಲ್ಲಿ ಕೂತಿರುವುದು ಅವಳಿಗೆ ತಿಳಿಯದು.

ಮಂಜುಗಡ್ಡೆಯ ಮೇಲೆ ಬಿದ್ದು ಚೆಂಡು ಏಳಲಿಲ್ಲ.
ಅವಳೇ ಬಗ್ಗಿದಳು.