ತಿರುಗದ ಕಂಬ

ಉಶಿಯೊದೊ ಊರಿನ ಪುರಸಭೆ ಒಂದು ಆಟ ಮಾಡಿಸಿತು.
ಆಟವೆಂದರೆ ಓಡಾಟವಿಲ್ಲ, ಹೊಡೆದಾಟವಿಲ್ಲ:
ಒಂದು ಚಿತ್ರ, ಚಿತ್ರದ ಮೇಲೆ ಒಬ್ಬ ಹುಡುಗಿ,
ಅವಳ ಪಾದದ ಬಳಿ ಅವಳ ಮಾತು.
ಮಾತು ಮುಗಿದಲ್ಲಿ ದಾರಿ ಎರಡು. ಒಂದನ್ನು ಒತ್ತಬೇಕು ನೀವು.

ಮಾತು ಬರೆದವನು ನಾನು.
ಹುಡುಗಿ ನಿಮ್ಮ ಮೇಲೆ ಮನಸ್ಸಿಡುವಳು, ಇಡುತ್ತಲೇ
ದೋಣಿಯ ವೇಳೆ ತಿಳಿಸುವಳು.
ಗುಡ್ಡದ ಮೆಟ್ಟಿಲ ಮೇಲೆ ಕಣ್ಣೊರೆಸಿಕೊಂಡು
'ಇಲ್ಲಿಂದ ನಿಲ್ದಾಣಕ್ಕೆ ಹನ್ನೆರಡು ನಿಮಿಷ' ಎನ್ನುವಳು.
ಕರಾರೇ ಹಾಗಿತ್ತು:
ಪ್ರತಿ ಐದು ಮಾತಿಗೆ ಒಂದು ಉಪಯೋಗಕ್ಕೆ ಬರಬೇಕು.

ಸಭೆಯಲ್ಲಿ ಒಬ್ಬರು ಗೊಣಗಿದರು:
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಶಾಲೆ ಮುಚ್ಚಿ ಮೂರು ವರ್ಷ; ಕಿತ್ತಳೆ ತೋಟದಲ್ಲಿ ಹಂದಿಗಳದೇ ಕೊಯ್ಲು.
ಆದರೂ ಕೈಗಳು ಎದ್ದವು. ಆಟ ಬಂತು.
ಅದರ ಬೆನ್ನಿಗೆ ಜನವೂ ಬಂತು, ಫೋನು ಎತ್ತಿ ಹಿಡಿದು
ಪರದೆಯ ಗೋಡೆಯನ್ನು ಬೀದಿಯ ಗೋಡೆಗೆ ಹೊಂದಿಸುತ್ತ.

ಆಮೇಲೆ ಬಂದರು ಕ್ಷೌರದಂಗಡಿಯ ಹಿದೆಸಾಬುರೊ,
ಎಪ್ಪತ್ತೊಂಬತ್ತು, ಬಿಳಿ ಅಂಗಿಯ ಜೇಬಲ್ಲಿ ಬಾಚಣಿಗೆ.

'ನನ್ನ ಅಂಗಡಿ ಇದೆ ನಿಮ್ಮ ಆಟದಲ್ಲಿ,
ಅಂಚೆ ಕಚೇರಿಯ ಚಿತ್ರದ ಬಲತುದಿಗೆ.
ಒತ್ತಿದೆ. ತೆರೆಯಲಿಲ್ಲ.'

ಅದು ಹಿನ್ನೆಲೆ, ಎಂದೆ. ಬಾಗಿಲಲ್ಲ, ಬಾಗಿಲಿನ ಚಿತ್ರ.

'ಇರಲಿ. ಎಲ್ಲ ದಾರಿ ಹಿಡಿದೂ ನೋಡಿದೆ.
ಹುಡುಗಿ ಅಳುವ ದಾರಿ, ಮದುವೆಯ ದಾರಿ,
ಕೊನೆಯ ದೋಣಿ ತಪ್ಪಿಹೋಗುವ ದಾರಿ.
ಕೊನೆಗಳು ಹನ್ನೊಂದು. ಒಂದರಲ್ಲೂ
ಒಬ್ಬರ ಕೂದಲೂ ಬೆಳೆಯುವುದಿಲ್ಲ.'

ನಾನು ನಕ್ಕೆ. ಅವರು ನಗಲಿಲ್ಲ.

'ಅದನ್ನೂ ಬಿಡಿ. ಬಾಗಿಲ ಪಕ್ಕದ ಕಂಬ,
ಕೆಂಪು ನೀಲಿ ಬಿಳಿ ಪಟ್ಟೆಯದು,
ನಿಂತುಬಿಟ್ಟಿದೆ.
ನಮ್ಮ ಕಸುಬಿನಲ್ಲಿ ಕಂಬ ನಿಂತರೆ
ಅಂಗಡಿ ಮುಚ್ಚಿದೆ ಎಂದರ್ಥ.
ಐವತ್ತಾರು ವರ್ಷ, ಬೆಳಗ್ಗೆ ಎಂಟಕ್ಕೆ
ಗುಂಡಿ ಒತ್ತಿ ತಿರುಗಿಸಿದ್ದೇನೆ,
ಚಂಡಮಾರುತದ ಎರಡು ದಿನ ಬಿಟ್ಟು.'

ಚಿತ್ರ ಬರೆದ ಚಿನತ್ಸುಗೆ ಫೋನು ಮಾಡಿದೆ.
ಅವಳಿರುವುದು ಸೆಂದಾಯಿಯಲ್ಲಿ. ಊರಿಗೆ ಬಂದವಳೇ ಅಲ್ಲ,
ನಾನು ಕಳಿಸಿದ ನಾನೂರು ಫೋಟೊ ನೋಡಿ ಬರೆದವಳು.
'ಫೋಟೊದಲ್ಲಿ ಎಲ್ಲ ಕಂಬಗಳೂ ನಿಂತೇ ಇರುತ್ತವಲ್ಲ' ಎಂದಳು.
ಸ್ವಲ್ಪ ತಡೆದು,
'ತಿರುಗುವಾಗ ಪಟ್ಟೆ ಎತ್ತ ಹೋಗುತ್ತದೆ? ಮೇಲಕ್ಕೋ, ಕೆಳಕ್ಕೋ?'

ತಿಳಿಯದು.
ಆ ಬೀದಿಯಲ್ಲೇ ಹುಟ್ಟಿದವನು,
ಆ ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂತು
ಮೊದಲ ಕೂದಲು ಕೊಟ್ಟವನು,
ಊರಿಗೆಲ್ಲ ದಾರಿ ಬರೆದವನು,
ನನಗೆ ತಿಳಿಯದು.

ಎದ್ದು ಹೊರಟೆ. ಅಂಚೆ ಕಚೇರಿಗೆ ನಾಲ್ಕು ನಿಮಿಷ
ಎಂದು ಹುಡುಗಿಯಿಂದ ಹೇಳಿಸಿದ್ದೆ. ಏಳು ಹಿಡಿಯಿತು.
ಅವಳ ದಾರಿಯಲ್ಲಿ ಏರು ಇಲ್ಲ, ಎದುರಾಗಿ
ಮಾತಾಡಿಸುವ ಮೀನಿನಂಗಡಿಯವಳಿಲ್ಲ.

ಕಂಬ ತಿರುಗುತ್ತಿತ್ತು, ಗಾಜಿನೊಳಗೆ ದುಂಬಿ ಸಿಕ್ಕ ಸದ್ದಿನಲ್ಲಿ.
ಪಟ್ಟೆಗಳು ಮೇಲಕ್ಕೆ, ಮೇಲಕ್ಕೆ,
ಎಲ್ಲಿಗೂ ತಲುಪದೆ, ಕೆಳಗೆ ಮುಗಿಯದೆ.
ಗಿರಾಕಿಯ ಕುರ್ಚಿಯಲ್ಲಿ
ಅವರೇ ಕೂತು ಪೇಪರು ಓದುತ್ತಿದ್ದರು.

ಎದ್ದರು. ಕುರ್ಚಿ ಕೊಡವಿದರು.
ಕೊರಳಿಗೆ ಬಟ್ಟೆ ಕಟ್ಟಿದ ಮೇಲೆ ಮತ್ತೆ ಫೋನು ಮಾಡಿದೆ:
ಮೇಲಕ್ಕೆ.
'ಮೂರು ಚಿತ್ರ ಸಾಕು, ಒಂದರ ಹಿಂದೊಂದು' ಎಂದಳು ಚಿನತ್ಸು,
'ದುಡ್ಡು ಬೇಡ. ಬಾಗಿಲು ಮಾತ್ರ ತೆರೆಯಲಾಗದು.'

ಕನ್ನಡಿಯಲ್ಲಿ ಕಂಡರು, ಹೊರಗೆ ಇಬ್ಬರು,
ಬೆನ್ನಿಗೆ ಚೀಲ, ಕಣ್ಣೆತ್ತರಕ್ಕೆ ಫೋನು,
ನಿಂತ ಕಂಬವನ್ನು ತಿರುಗುವ ಕಂಬಕ್ಕೆ
ಹೊಂದಿಸಲಾಗದೆ
ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ.
ಕರೆಯಲೆಂದು ಕತ್ತು ತಿರುಗಿಸಿದೆ.

ಕಿವಿಯ ಬಳಿ ಕತ್ತರಿ ನಿಂತಿತು.
'ಅಲುಗಬೇಡಿ' ಎಂದರು ಹಿದೆಸಾಬುರೊ.