ಒಂದು ವಾಕ್ಯ ಬರಿ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನದು
ಕಿಟಕಿ ಪಕ್ಕದ ಜಾಗ, ಹದಿನಾರು ವರ್ಷದಿಂದ.
ಕಾಫಿ ಕಾಳು ಆರಿಸುವುದು: ಕರಿದು, ಹುಳುಕು, ಒಡಕು,
ಮತ್ತೆ, ನೋಡಲು ಚೆಂದವಿದ್ದೂ ಒಳಗೆ ಕೊಳೆತದ್ದು.
ಅದೊಂದು ತಪ್ಪಿಹೋದರೆ ಮೂಟೆಯೇ ನಾರುತ್ತದೆ,
ಕಣ್ಣನ್ನು ನಂಬಬೇಡ, ಬೆರಳಿಗೆ ಕಲಿಸು
ಎನ್ನುತ್ತಿದ್ದಳು ಪೊನ್ನಕ್ಕ.

ಆ ಬೆರಳಿಗೆ, ಜಸ್ಸುವಿನ ಮೊಣಕಾಲ ಕೆಳಗೆ
ಸಾಸಿವೆ ಸಿಡಿದಂಥ ಕೆಂಪು ಚುಕ್ಕೆ ತಾಗಿದಾಗ
ಏನೂ ತಿಳಿಯಲಿಲ್ಲ.
ಇಂಬಳ ಕಚ್ಚಿದ್ದು ಎಂದೆ. ಸುಣ್ಣ ಹಚ್ಚಿದೆ.

ಮಡಿಕೇರಿಯ ಡಾಕ್ಟರು ರಕ್ತದ ಚೀಟಿಯನ್ನು
ಎರಡು ಸಲ ಓದಿ, ಕನ್ನಡಕ ತೆಗೆದರು.

ಆಮೇಲೆ ಎರಡು ವರ್ಷ ಕೀಮೋ. ಕೂದಲು ಹೋಯಿತು, ಬಂತು,
ಬಂದದ್ದು ಸುರುಳಿ ಸುರುಳಿ, ಯಾರ ಮನೆಯದೋ.
ದುಬಾರೆಗೆ ಜೀಪು ಓಡಿಸುತ್ತಿದ್ದ ಇವರು
ರಕ್ತ ಕೊಡುವವರ ನಂಬರು ಗೋಡೆಗೆ ಬರೆದರು.
ಇನ್ನೇನು ಮುಗಿಯಿತು ಎನ್ನುವಾಗ, ಹುತ್ತರಿಯ ವಾರ,
ತಿರುಗಿ ಬಂತು.

ಅವಳದೇ ರಕ್ತದ ಕಾವಲು ಕಣಗಳನ್ನು ಸೋಸಿ ತೆಗೆದು
ದೂರದ ಲ್ಯಾಬಿನಲ್ಲಿ ಕಲಿಸಿ
ಮರಳಿ ಮೈಗೆ ಬಿಡುವುದಂತೆ. ಬೆಂಗಳೂರಿನಲ್ಲಿ ಹೇಳಿದರು.
ಏನು ಕಲಿಸುವುದು, ಎಂದೆ.
ಕೆಟ್ಟದ್ದರ ಗುರುತು, ಎಂದರು.
ನನಗೆ ನಗು ಬಂತು, ಆ ಕೋಣೆಯಲ್ಲಿ, ಎಲ್ಲರೆದುರು.
ಇವರು ಕೈ ಹಿಡಿದುಕೊಂಡರು, ತಲೆ ಕೆಟ್ಟಿತೆಂದು.

ದುಡ್ಡಿನ ಮಾತು ಬೇಡ. ಜೀಪಿಗೆ ಈಗ ಬೇರೆ ಯಜಮಾನ.
ವರ್ಕ್ಸಿನ ಹೆಂಗಸರು ಒಂದೊಂದು ದಿನದ ಕೂಲಿ ಬಿಟ್ಟರು,
ಆ ಪಟ್ಟಿ ಮಡಚಿ ಅಕ್ಕಿ ಡಬ್ಬದಲ್ಲಿಟ್ಟಿದ್ದೇನೆ.

ಇಪ್ಪತ್ತಾರು ದಿನ ಕಾದೆವು.
ಬಂದದ್ದು ಹೊಗೆಯಾಡುವ ಡಬ್ಬಿಯೊಳಗೆ ಅಂಗೈಯಗಲದ ಚೀಲ,
ಮೇಲೆ ಅವಳ ಹೆಸರು, ತಪ್ಪಿಲ್ಲದೆ.
ಹನ್ನೊಂದು ನಿಮಿಷಕ್ಕೆ ಬರಿದಾಯಿತು.
ಇಷ್ಟೇನಾ, ಎಂದಳು ಹನ್ನೆರಡರ ಹುಡುಗಿ.

ಮೂರನೇ ರಾತ್ರಿ ಜ್ವರ ಹತ್ತಿತು.
ಒಳ್ಳೆಯ ಜ್ವರ, ಒಳಗೆ ಕೆಲಸ ನಡೆದಿದೆ, ಎಂದಳು ನರ್ಸು.
ಜ್ವರದಲ್ಲಿ ಒಳ್ಳೆಯದಿರುತ್ತದೆಂದು
ಯಾವ ತಾಯಿಗೆ ಯಾರು ಕಲಿಸಿದ್ದಾರೆ?

ದಿನಾ ಬೆಳಿಗ್ಗೆ ಡಾಕ್ಟರು ಹಾಳೆ ಕೊಡುವರು,
ಮಿದುಳು ಮಂಕಾಗಿದೆಯೇ ನೋಡಲು:
ಒಂದು ವಾಕ್ಯ ಬರಿ.
ಮೊದಲ ದಿನ, ಹಾರಂಗಿಯಲ್ಲಿ ಗೇಟು ತೆಗೆದಿದ್ದಾರೆ.
ಎರಡನೆಯ ದಿನ, ಹಾರಂಗಿಯಲ್ಲಿ ಗೇಟು ತೆಗೆದಿದ್ದಾರೆ.
ಬೇರೆ ಬರಿ ಎಂದರೆ
ಪ್ರಶ್ನೆ ಅದೇ ಅಲ್ವಾ ಡಾಕ್ಟ್ರೇ, ಉತ್ತರವೂ ಅದೇ.
ಐದನೆಯ ದಿನ ಹಾ ಬರೆದಳು,
ಅದರ ಮೇಲೆಯೇ ರ, ಅದರ ಮೇಲೆಯೇ ಇನ್ನೇನೋ,
ಕೆಸರಲ್ಲಿ ದನ ತುಳಿದ ಹಾಗೆ.
ಪೆನ್ನು ತೋರಿಸಿ ಹೆಸರು ಕೇಳಿದರು. ಸುಮ್ಮನಿದ್ದಳು.
ನನ್ನನ್ನು ನೋಡಿ, ಟೀಚರ್, ಎಂದಳು.

ಆ ರಾತ್ರಿ ಇಗ್ಗುತ್ತಪ್ಪನನ್ನೂ ಕರೆಯಲಿಲ್ಲ ನಾನು.
ಬಿಳಿ ಹಾಸಿನ ಮೇಲೆ ಬೆರಳಾಡಿಸುತ್ತಾ
ಇಲ್ಲದ ಕಾಳು ಆರಿಸಿದೆ, ಬೆಳಗಿನ ತನಕ:
ಇದಲ್ಲ, ಇದಲ್ಲ, ಇದು. ಇದಲ್ಲ. ಇದು.
ಒಳಗೆ ದುಡಿಯುತ್ತಿರುವವಕ್ಕೆ ಕೇಳಲೆಂದು.
ಕರಿದು ಮಾತ್ರ, ಮಕ್ಕಳೇ. ಒಳ್ಳೆಯದನ್ನು ಬಿಡಿ.

ಬಿಡಲಿಲ್ಲ ಅವು. ಒಳ್ಳೆಯದನ್ನೂ ಒಂದಷ್ಟು ಕಿತ್ತವು;
ಅದಕ್ಕೇ ತಿಂಗಳಿಗೊಮ್ಮೆ ಈಗ ಬಾಟಲಿ ಏರಿಸಬೇಕು.
ಹೊಸತರಲ್ಲಿ ನಾನೂ ಹಾಗೇ ಮಾಡಿದ್ದೆ, ಮೇಸ್ತ್ರಿ ಬೈದಿದ್ದ.

ಎಂಟನೆಯ ದಿನ, ಸೊಟ್ಟ ಅಕ್ಷರ, ಗೆರೆ ಬಿಟ್ಟು:
ಅಮ್ಮ ರಾತ್ರಿಯೆಲ್ಲ ಬೆಡ್‌ಶೀಟು ಕೆರೆಯುತ್ತಾಳೆ ನಿದ್ದೆ ಬರಲ್ಲ.
ಡಾಕ್ಟರು ಅದನ್ನು ಜೋರಾಗಿ, ಎರಡು ಸಲ ಓದಿದರು.

ನಾಳಿದ್ದು ಆರು ತಿಂಗಳ ಪರೀಕ್ಷೆ. ಮಜ್ಜೆ ತೆಗೆಯುತ್ತಾರೆ.
ಇವತ್ತು ಎರಡು ಮೂಟೆ ಬಾಕಿ ಇದೆ.
ದೂಳಿಗೆ ಬರಬೇಡ ಎಂದದ್ದಕ್ಕೆ ಜಸ್ಸು ಹೊರಗೇ ನಿಂತಿದ್ದಾಳೆ,
ಮಾಸ್ಕು ಗಲ್ಲಕ್ಕಿಳಿಸಿ, ಕಿತ್ತಳೆ ತಿನ್ನುತ್ತಾ.
ನೆಲದಿಂದ ಏನನ್ನೋ ಹೆಕ್ಕಿ ಗಾಜಿಗೆ ಒತ್ತಿ ಹಿಡಿದಳು:
ಅಮ್ಮಾ, ಇದು ಒಳ್ಳೆಯದಾ?

ಗಾಜಿನ ಆಚೆಯದು ಹೇಳಲಾಗುವುದಿಲ್ಲ.
ಇರು, ಎಂದೆ. ಕೈಗೆ ಬೇಕು.
ಕಿಟಕಿ ತೆಗೆಯಲು ಮೇಸ್ತ್ರಿಯನ್ನು ಕೇಳಬೇಕು.