ತೂಕದ ಚೀಟಿ

ಹಾಸನದ ಆಲೂಗಡ್ಡೆ ಮಂಡಿಯಲ್ಲಿ
ಹಗಲೆಲ್ಲ ತೂಕ ಬರೆಯುವವಳು ನಾನು;
ಸಂಜೆ, ಟೈರಂಗಡಿಯ ಮೇಲಿನ ಜಿಮ್ಮಿನಲ್ಲಿ
ನನ್ನದನ್ನೇ ಬರೆದುಕೊಳ್ಳುತ್ತೇನೆ.

ಮೂರು ತಿಂಗಳಿಗೆ ಆರು ಕಿಲೋ ಇಳಿದಿದೆ.
'ಸೊರಗಿ ಹೋದೆಯಲ್ಲೇ' ಅಂದಳು ಅತ್ತಿಗೆ,
ಇನ್ನೊಂದು ಮುದ್ದೆ ಹಿಡಿದು.

'ಬೇಲೂರಿನ ಶಿಲ್ಪಿಯ ಹಾಗೆ
ಬೇಡದ್ದನ್ನಷ್ಟೇ ಕೆತ್ತಿ ತೆಗಿ' ಅಂತಾನೆ ಕೋಚ್ ಮುದಸ್ಸಿರ್.
ಕಲ್ಲಿಗೇನು, ರಾತ್ರಿ ಹತ್ತಕ್ಕೆ ಹಸಿವಾಗುತ್ತದೆಯೆ?

ನನಗೆ ಗೊತ್ತಿರುವುದು ಗಡ್ಡೆ.
ಅವಸರದ ಕೈ ಸಿಪ್ಪೆಯ ಜೊತೆ
ಅರ್ಧ ತಿರುಳನ್ನೂ ಹೆರೆದು ಎಸೆಯುತ್ತದೆ.
ಅದಕ್ಕೇ ನಿಧಾನ.
ಮೊಳಕೆ ಹುರುಳಿ, ಎರಡು ಮೊಟ್ಟೆ,
ಮತ್ತೆ ಅದೇ ಕಬ್ಬಿಣ.

ಹೋದದ್ದು ಯಾವುದೆಂದು ತಕ್ಕಡಿಗೆ ತಿಳಿಯದು.

ನಿನ್ನೆ ಹಮಾಲಿ ಜವರಪ್ಪ ಬರಲಿಲ್ಲ.
ಐವತ್ತು ಕಿಲೋ ಚೀಲ
ನನ್ನ ಕೈಗೆ ನೆಲ ಬಿಟ್ಟೆದ್ದಿತು,
ಮೊದಲಿನ ಹಾಗೇ.

ಚೀಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.